ಒಮಾನ್ ಮರಳಿಗೆ ನಿಮ್ಮ ಘಾಟಿ ಅನುಭವ ಸಾಲದು

ಪ್ರಶ್ನೆ: ಜನವರಿಯಲ್ಲಿ ನಾಲ್ವರು ಒಂದು ವಾರ ಒಮಾನ್‌ಗೆ ಹೊರಟಿದ್ದೇವೆ. ಫೋರ್‌ವೀಲ್ ಡ್ರೈವ್ ಬಾಡಿಗೆಗೆ ಪಡೆದು ವಹೀಬಾ ಮರಳುಗಾಡಿಗೆ ನಾವೇ ಓಡಿಸಿಕೊಂಡು ಹೋಗಬಹುದೇ? ಚಾರ್ಮಾಡಿ ಘಾಟಿಯಲ್ಲಿ ಓಡಿಸಿ ರೂಢಿಯಿದೆ.

ಉತ್ತರ: ಬೇಡ. ಪ್ರತಿ ಚಳಿಗಾಲವೂ ಇದೇ ಪ್ರಶ್ನೆ ಬರುತ್ತದೆ, ಘಾಟಿಯ ಹೆಸರು ಮಾತ್ರ ಬೇರೆ. ಚಾರ್ಮಾಡಿಯಲ್ಲಿ ಗಾಡಿಯ ಕೆಳಗೆ ಡಾಂಬರು ಇರುತ್ತದೆ ಸ್ವಾಮಿ. ಮರಳಿಗೆ ಇಳಿಯುವ ಮುಂಚೆ ಟೈರಿನ ಗಾಳಿಯನ್ನು 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಿಂದ 15–18ಕ್ಕೆ ಇಳಿಸಬೇಕು. ಟೈರು ಅಗಲವಾಗಿ ಹರಡಿದರಷ್ಟೇ ಗಾಡಿ ಮರಳಿನ ಮೇಲೆ ನಿಲ್ಲುತ್ತದೆ. ಆದರೆ ಅಷ್ಟು ಕಡಿಮೆ ಗಾಳಿಯಲ್ಲಿ ಸರಕ್ಕನೆ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಬೆಳಗಿನ ತಂಪಿಗೆ ಗಟ್ಟಿಯಿದ್ದ ಜಾಡು ಮಧ್ಯಾಹ್ನಕ್ಕೆ ಸಡಿಲ. ಹೂತಾಗ ನಮ್ಮವರು ಮೊದಲು ಮಾಡುವುದೇ ಆಕ್ಸಿಲರೇಟರ್ ತುಳಿಯುವುದು. ನೋಡನೋಡುತ್ತಲೇ ಚಕ್ರ ತನ್ನ ಗುಂಡಿ ತಾನೇ ತೋಡಿ, ಗಾಡಿಯ ಹೊಟ್ಟೆ ಮರಳಿಗೆ ಕೂರುತ್ತದೆ. ಆಮೇಲೆ ಮಂಡಿಯೂರಿ ಕೈಯಲ್ಲಿ ಮರಳು ಬಗೆಯುತ್ತಾ ಇರಿ. ರಸ್ತೆ ಬಿಟ್ಟು ಇಳಿದರೆ ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ಕೈಬಿಡುತ್ತದೆ. ಕರಾರು ಓದದೆ ಸಹಿ ಹಾಕುವವರೇ ಹೆಚ್ಚು. ಎರಡು ನಿಮಿಷದ ವಿಡಿಯೊದಲ್ಲಿ ದಿಬ್ಬ ಹಾರಿಸುವುದನ್ನು ಕಲಿಸುವ ಯೂಟ್ಯೂಬ್ ಪಂಡಿತರು ನಿಮ್ಮನ್ನು ಎಳೆದು ಮೇಲೆತ್ತಲು ಬರುವುದಿಲ್ಲ.

ಸಣ್ಣ ಕಾರೇ ಸಾಕು. ಮರಳುಗಾಡಿನ ಅಂಚಿನ ಬಿದಿಯಾ ಊರಿನಲ್ಲಿ ಅದನ್ನು ನಿಲ್ಲಿಸಿದರೆ, ಮರಳಿನಲ್ಲಿ ನೀವು ತಂಗುವ ಕ್ಯಾಂಪಿನವರೇ ತಮ್ಮ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ದುಡ್ಡು ಕೊಡಬೇಕು, ಕೊಡಿ. ಜಬಲ್ ಅಖ್ದರ್ ಬೆಟ್ಟಕ್ಕೂ ಅಷ್ಟೇ: ಬಿರ್ಕತ್ ಅಲ್ ಮೌಜ್ ಬಳಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಫೋರ್‌ವೀಲ್ ಅಲ್ಲದ ಗಾಡಿಯನ್ನು ಬಿಡುವುದಿಲ್ಲ, ಅಲ್ಲಿಂದ ಚಾಲಕನ ಸಮೇತ ಗಾಡಿ ಹಿಡಿಯಿರಿ.

ಇನ್ನು ವಾರದ ಲೆಕ್ಕ ಶುಕ್ರವಾರದಿಂದ ಹಿಂದಕ್ಕೆ ಹಾಕಿ. ನಿಜ್ವಾ ಪಟ್ಟಣದ ಮೇಕೆ ಸಂತೆ ಇರುವುದು ಅವತ್ತು ಬೆಳಿಗ್ಗೆ. ಮಾರುವವರು ಹಗ್ಗ ಹಿಡಿದು ಮೇಕೆಗಳನ್ನು ವೃತ್ತದಲ್ಲಿ ಸುತ್ತಿಸುತ್ತಾರೆ, ಕೊಳ್ಳುವವರು ತಡೆದು ನಿಲ್ಲಿಸಿ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ನಿಧಾನವಾಗಿ ತಿಂಡಿ ಮುಗಿಸಿ ಹೋದರೆ ಹಿಕ್ಕೆ ಮಾತ್ರ ಕಾಣುತ್ತದೆ. ಮಸ್ಕತ್‌ನ ಸುಲ್ತಾನ್ ಖಾಬೂಸ್ ಮಸೀದಿಯೋ, ಶುಕ್ರವಾರ ಪ್ರವಾಸಿಗರನ್ನು ಬಿಡುವುದಿಲ್ಲ. ಉಳಿದ ದಿನ ಬೆಳಿಗ್ಗೆ 8ರಿಂದ 11. ಆದ್ದರಿಂದ ಮಂಗಳವಾರ ಇಳಿದು ಬುಧವಾರ ಮಸೀದಿ ನೋಡಿ ನಿಜ್ವಾಕ್ಕೆ ಹೊರಡಿ. ಗುರುವಾರ ಬೆಟ್ಟ, ಶುಕ್ರವಾರ ಸಂತೆ ಮತ್ತು ಬಹ್ಲಾ ಕೋಟೆ, ಶನಿವಾರ ಮರಳು, ಭಾನುವಾರ ಕರಾವಳಿಯ ಸೂರ್ ಪಟ್ಟಣ. ಸೋಮವಾರ ವಾದಿ ಶಾಬ್ ಕಣಿವೆ ಮುಗಿಸಿ ಮಸ್ಕತ್. ಒಮಾನ್‌ನಲ್ಲಿ ಶುಕ್ರ, ಶನಿ ವಾರದ ರಜೆ, ಸೋಮವಾರ ಕಣಿವೆಯಲ್ಲಿ ಜನ ಕಡಿಮೆ. ಕಣಿವೆಯ ಕೊನೆಯ ಗುಹೆಗೆ ಈಜಿಯೇ ಹೋಗಬೇಕು. ಈಜು ಬಾರದವರು ದಡದಲ್ಲೇ ಕೂರಲಿ, ಈ ವಿಷಯದಲ್ಲಿ ನಾನು ಪುಕ್ಕಲ ಅಂದರೂ ಪರವಾಗಿಲ್ಲ. ಮೇಲೆ ಬೆಟ್ಟದಲ್ಲಿ ಮೋಡ ಕಟ್ಟಿದ್ದರೆ ಕಣಿವೆಗೆ ಇಳಿಯಲೇ ಬೇಡಿ.

ಪ್ರಶ್ನೆ: ಇದೇ ವಾರದಲ್ಲಿ ಸಲಾಲಾ ಮತ್ತು ಮುಸಂದಮ್ ಕೂಡ ತೋರಿಸುತ್ತೇವೆ ಎಂದು ಏಜೆಂಟ್ ಹೇಳುತ್ತಿದ್ದಾರಲ್ಲ?

ಉತ್ತರ: ಒಂದು ದಕ್ಷಿಣ ತುದಿ, ಇನ್ನೊಂದು ಉತ್ತರ ತುದಿ. ಏಜೆಂಟನ್ನು ಬದಲಿಸಿ.

ಪ್ರಶ್ನೆ: ಬಿಸಿಲು ಬಡಿಯದಂತೆ ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳಬೇಕೇ?

ಉತ್ತರ: ಈರುಳ್ಳಿ ಪಲ್ಯಕ್ಕಿರಲಿ. ನೀರು ಕುಡಿಯಿರಿ, ಟೋಪಿ ಹಾಕಿ. ಜನವರಿಯ ರಾತ್ರಿ ಮರಳಿನಲ್ಲಿ ನಡುಗಿಸುವುದು ಚಳಿ, ಸ್ವೆಟರ್ ಮರೆಯಬೇಡಿ.

ಪ್ರಶ್ನೆ: ಹೆಂಗಸರು ಬುರ್ಖಾ ತೊಡಲೇಬೇಕೇ?

ಉತ್ತರ: ಇಲ್ಲ. ಮಸೀದಿಯೊಳಗೆ ತಲೆಗೂದಲು, ಕೈಕಾಲು ಮುಚ್ಚಿರಬೇಕು. ಚೂಡಿದಾರ್ ಮತ್ತು ದುಪಟ್ಟಾ ಸಾಕು.