ಎರಡು ಟ್ರೈನಿಗೆ 866 ಕೋಟಿನಾ?

ಶನಿವಾರಸಂತೆಯಿಂದ ಓದುಗರೊಬ್ರು ಬರೆದಿದ್ದಾರೆ: "ಬೆಂಗಳೂರಲ್ಲಿ ಬಿಇಎಂಎಲ್‌ನವರು 280 ಸ್ಪೀಡಿನ ಟ್ರೈನ್ ಮಾಡ್ತಾರಂತೆ, ಎರಡಕ್ಕೆ 866 ಕೋಟಿ ಅಂತೆ. ವಂದೇ ಭಾರತ್‌ಗೇ ದೊಡ್ಡ ಮೋಟರ್ ಕೂರಿಸಿದ್ರೆ ಆಗ್ತಿರಲಿಲ್ವಾ? ಅದೂ ನಮ್ಮ ಕೊಡಗಲ್ಲಿ ಒಂದಡಿ ಹಳಿ ಇಲ್ಲದಿರೋವಾಗ."

ಸರ್, ಹಳಿ ವಿಷಯಕ್ಕೆ ಆಮೇಲೆ ಬರ್ತೀನಿ, ಟ್ರೈನ್ ಹತ್ತಕ್ಕೆ ನಾನೂ ಮಡಿಕೇರಿಯಿಂದ ಮೈಸೂರಿಗೆ ಬಸ್ಸಲ್ಲೇ ಹೋಗೋನು. ಮೊದ್ಲು ದುಡ್ಡು. 2024ರ ಅಕ್ಟೋಬರಲ್ಲಿ ರೈಲ್ವೆಗೆ ಬೋಗಿ ಮಾಡೋ ಚೆನ್ನೈನ ಕಾರ್ಖಾನೆ ಐಸಿಎಫ್ ಕೊಟ್ಟ ಆರ್ಡರ್ ಇದು, ಎಂಟು ಬೋಗಿಯ ಎರಡು ಟ್ರೈನು, ಬೋಗಿಗೆ 27.86 ಕೋಟಿ. 16ರಿಂದ ಗುಣಿಸಿ ನೋಡಿ, 446 ಕೋಟಿನೂ ದಾಟಲ್ಲ. ಮಿಕ್ಕಿದ್ದು ಡಿಸೈನು, ಬೋಗಿ ಜೋಡಿಸೋವಾಗ ಭಾಗಗಳನ್ನ ಹಿಡಿದಿಡೋ ಜಿಗ್ಗು, ಫಿಕ್ಸ್ಚರು, ಟೆಸ್ಟಿಂಗ್ ವ್ಯವಸ್ಥೆ ಇಂಥ ಒಂದ್ಸಲದ ಖರ್ಚು, ಮುಂದೆ ಮಾಡೋ ಹೈಸ್ಪೀಡ್ ಟ್ರೈನುಗಳಿಗೂ ಅದೇ ಉಪಯೋಗಕ್ಕೆ ಬರುತ್ತೆ. ತೋಟದಲ್ಲಿ ಹೊಸದಾಗಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಹಾಕಿಸಿ ಕಣ ಮಾಡ್ಸಿ, ಆ ದುಡ್ಡೆಲ್ಲಾ ಮೊದಲ ಎರಡು ಮೂಟೆ ಕಾಫಿ ಮೇಲೆ ಹಾಕಿದ್ರೆ ಮೂಟೆ ರೇಟು ಎಷ್ಟಾಗುತ್ತೆ ಹೇಳಿ.

ಇನ್ನು ಮೋಟರ್. ವಂದೇ ಭಾರತ್ ಓಡೋ ಲಿಮಿಟ್ಟು 160, ಇದರ ಟೆಸ್ಟ್ ಸ್ಪೀಡು 280, ಅಂದ್ರೆ ಒಂದೂ ಮುಕ್ಕಾಲು ಪಟ್ಟು ಅಷ್ಟೇ, ಆದ್ರೆ ಬ್ರೇಕ್ ಹಾಕಿದಾಗ ಇಳಿಸಬೇಕಾದ ಶಕ್ತಿ ಮೂರು ಪಟ್ಟು, ಯಾಕಂದ್ರೆ ಅದು ಸ್ಪೀಡನ್ನ ಸ್ಪೀಡಿಂದ್ಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತೆ. ಸಂಪಾಜೆ ಘಾಟಿ ಇಳಿಯೋವಾಗ ಡ್ರೈವರು ಬರೀ ಬ್ರೇಕ್ ನಂಬ್ತಾನಾ, ಸೆಕೆಂಡ್ ಗೇರಿಗೆ ಹಾಕಿ ಇಂಜಿನ್ನಲ್ಲೇ ಹಿಡೀತಾನಲ್ಲ, ಟ್ರೈನಲ್ಲೂ ಹೆಚ್ಚು ಕಮ್ಮಿ ಹಾಗೇನೇ, ಓಡ್ಸೋ ಮೋಟರೇ ಉಲ್ಟಾ ಕೆಲ್ಸ ಮಾಡಿ ಕರೆಂಟ್ ತಯಾರಿಸಿ ಮೇಲಿನ ತಂತಿಗೆ ವಾಪಸ್ ಕೊಡುತ್ತೆ.

ಗಾಲಿ ಕತೆ ಇನ್ನೂ ಮಜಾ. ಟ್ರೈನ್ ಗಾಲಿ ಹಳಿ ಮೇಲೆ ಕೂರೋ ಜಾಗ ಸಪಾಟಾಗಿರಲ್ಲ, ಸ್ವಲ್ಪ ಓರೆ ಇರುತ್ತೆ, ಅದ್ರಿಂದ್ಲೇ ಗಾಲಿ ತಾನಾಗೇ ಹಳಿ ನಡುವಿಗೆ ಬರೋದು. ಸ್ಪೀಡ್ ಜಾಸ್ತಿ ಆದ್ರೆ ಅದೇ ಗುಣ ಮುಳುವು, ಬೋಗಿ ಹಾವಿನ ಥರ ಅತ್ತಿತ್ತ ಹೊಯ್ದಾಡಕ್ಕೆ ಶುರು ಮಾಡುತ್ತೆ, ರೈಲ್ವೆಯವರು ಇದಕ್ಕೆ ಹಂಟಿಂಗ್ ಅಂತಾರೆ. ತಡಿಯಕ್ಕೆ ಆ ಹೊಯ್ದಾಟ ಹೀರ್ಕೊಳೋ ಡ್ಯಾಂಪರ್ ಬೇಕು, ಅದು ಸರಿಯಾಗಿ ಹಿಡೀತಾ ಅಂತ ಹಳಿ ಮೇಲೆ ಓಡ್ಸಿ ಓಡ್ಸಿ ಅಳೀಬೇಕು.

ಆಮೇಲೆ ಕಿವಿ. ಘಾಟಿ ಇಳಿದು ಸುಳ್ಯದ ಕಡೆ ಹೋಗೋವಾಗ ಕಿವಿ ಗಪ್ ಅನ್ನುತ್ತಲ್ಲ, 280ರಲ್ಲಿ ಸುರಂಗಕ್ಕೆ ನುಗ್ಗಿದ್ರೆ ಒಂದೇ ಕ್ಷಣದಲ್ಲಿ ಹಾಗಾಗುತ್ತೆ. ಹಾಗಾಗಿ ಬಾಗಿಲು, ಕಿಟಕಿ, ಬೋಗಿ ಬೋಗಿ ಮಧ್ಯದ ಸಂದು ಎಲ್ಲಾ ಗಾಳಿ ಆಡದಂಗೆ ಸೀಲ್ ಮಾಡ್ಬೇಕು. ಬರೀ ಮೋಟರ್ ಬದ್ಲಾಯ್ಸಿದ್ರೆ ಇದ್ಯಾವ್ದೂ ಆಗಲ್ಲ ಸರ್.

ಹಳಿ ವಿಷಯದಲ್ಲಿ ಮಾತ್ರ ನಿಮ್ದು ಸರಿ, ಹಳಿ ಇರೋ ಕಡೆನೂ ಟ್ರೈನು ಪೂರ್ತಿ ಸ್ಪೀಡಲ್ಲಿ ಓಡಕ್ಕಾಗಲ್ಲ. ಮೈಸೂರು–ಚೆನ್ನೈ ವಂದೇ ಭಾರತ್ 2022ರ ನವೆಂಬರಲ್ಲಿ ಶುರುವಾಯ್ತು, 180ಕ್ಕೆ ಡಿಸೈನ್ ಆಗಿರೋ ಟ್ರೈನು, ಸುಮಾರು 500 ಕಿಲೋಮೀಟರ್‌ಗೆ ಆರೂವರೆ ಗಂಟೆ ತಗೊಳುತ್ತೆ. ಭಾಗಿಸಿದ್ರೆ ಗಂಟೆಗೆ ಎಂಬತ್ತೂ ಬರಲ್ಲ. ತಿರುವು, ನಡುನಡುವೆ ನಿಲ್ಲೋದು, ಮುಂದೆ ಬೇರೆ ಗಾಡಿ, ಎಲ್ಲಾ ಸೇರಿ ಅಷ್ಟಾಗುತ್ತೆ. ಮೈಸೂರಿಂದ ನಮ್ಮ ಕುಶಾಲನಗರಕ್ಕೆ ಹಾಕ್ತೀವಿ ಅಂತಿರೋ ರೈಲ್ವೆ ಲೈನ್ ಸುದ್ದಿಯಂತೂ ಎಷ್ಟು ಸಲ ಛಾಪಿಸಿದೀವೋ ನಮಗೇ ಲೆಕ್ಕ ಇಲ್ಲ, ಅದು ಬಂದ ದಿನ 60ರಲ್ಲಿ ಹೋದ್ರೂ ಮೊದಲ ಟಿಕೆಟ್ ನಂದೇ, ಪಕ್ಕದ ಸೀಟು ನಿಮ್ಗೆ.