ಫ್ರಾಟರ್ನಿಟಿ ಅಂದರೆ ಬರೀ ಪಾರ್ಟಿಯಾ?

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿರುವ ಮಗ ಕಾಲೇಜಿನ ಫ್ರಾಟರ್ನಿಟಿ (ವಿದ್ಯಾರ್ಥಿ ಸಂಘ) ಸೇರುತ್ತಾನಂತೆ. ಅದು ಸುಮ್ನೆ ಪಾರ್ಟಿ ಮಾಡುವ ಗುಂಪು ಅಲ್ವಾ?

ಉತ್ತರ: ಯಾವುದಕ್ಕೆ ಸೇರುತ್ತಾನೆ ಅಂತ ಮೊದಲು ಕೇಳಿ. ಒಂದೇ ಮನೆಯಲ್ಲಿದ್ದು, ಒಟ್ಟಿಗೆ ಉಂಡು ಪಾರ್ಟಿ ಮಾಡುವ ಸಂಘಗಳು ಬೇರೆ, ಸೇವೆಗೆಂದೇ ಇರುವವು ಬೇರೆ. ಉದಾಹರಣೆಗೆ, ಆಲ್ಫಾ ಫೈ ಒಮೆಗಾ ಅನ್ನುವ ಸಂಘ ಎರಡನೇ ಥರದ್ದು. 1925ರಲ್ಲಿ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನಲ್ಲಿ, ಸ್ಕೌಟ್ ಆದರ್ಶ ಇಟ್ಟುಕೊಂಡು ಶುರುವಾಯಿತು. 1976ರಿಂದ ಹುಡುಗಿಯರಿಗೂ ಪ್ರವೇಶವಿದೆ. ನಾನು ಅಲ್ಲಿ ಓದುವಾಗ ಇಂಥದ್ದೇ ಒಂದು ಶಾಖೆಯವರ ಜೊತೆ ರಕ್ತದಾನ ಶಿಬಿರಕ್ಕೆ ಕುರ್ಚಿ ಜೋಡಿಸಿದ್ದೇನೆ. ಕುಣಿದದ್ದಕ್ಕಿಂತ ಡಬ್ಬ ಹೊತ್ತದ್ದೇ ಜಾಸ್ತಿ. (ಸೊಂಟ ಇನ್ನೂ ಮರೆತಿಲ್ಲ!)

ಒಂದು ಎಚ್ಚರಿಕೆ. ಹೊಸಬರಿಗೆ ಕಾಟ ಕೊಡುವ ‘ಹೇಜಿಂಗ್’ ವಿರುದ್ಧ ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಕಾನೂನಿದೆ. ಅಂಥದ್ದು ಕಂಡರೆ ಅವತ್ತೇ ಎದ್ದು ಬರಲಿ. ಶುಲ್ಕ ಎಷ್ಟು ಅಂತಲೂ ಮೊದಲೇ ವಿಚಾರಿಸಲು ಹೇಳಿ.