ಕೌಂಟರ್ ಮುಚ್ಚುವ ಮುನ್ನ ಕ್ಯೂ ಅಳೆಯಿರಿ

ಓದುಗರ ಪತ್ರ: ನಮ್ಮ ಸೊಸೈಟಿಯಲ್ಲಿ ನಾಲ್ಕು ಕೌಂಟರ್, ಎಲ್ಲಕ್ಕೂ ಒಂದೇ ಸರ್ವರ್. ಗಂಟೆಗೆ ಸುಮಾರು 30 ಜನ ಬರುತ್ತಾರೆ. ಒಬ್ಬರ ಕೆಲಸಕ್ಕೆ ಐದು ನಿಮಿಷ; ಅದರಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಪರದೆ ತೆರೆಯಲಿ ಎಂದು ಕಾಯುವುದರಲ್ಲೇ ಕಳೆಯುತ್ತದೆ. ಹೊಸ ಮ್ಯಾನೇಜರ್ ‘ಗುಮಾಸ್ತರು ಶೇ 62ರಷ್ಟು ಹೊತ್ತು ಮಾತ್ರ ಕೆಲಸದಲ್ಲಿರುತ್ತಾರೆ, ಒಂದು ಕೌಂಟರ್ ಮುಚ್ಚೋಣ’ ಎನ್ನುತ್ತಾರೆ. ಸರ್ವರ್ ನಿಧಾನ ಎಂದರೆ, ‘ಅದರ ಸಿಪಿಯು, ಅಂದರೆ ಲೆಕ್ಕ ಮಾಡುವ ಭಾಗ, ಶೇ 28 ದಾಟಿಲ್ಲ, ಅದಕ್ಕೇನೂ ಆಗಿಲ್ಲ’ ಎಂಬ ಉತ್ತರ. ಅವರು ಹೇಳುವುದು ಸರಿಯೇ? ಇದನ್ನೆಲ್ಲ ಅಳೆಯುವುದು ಹೇಗೆ?

ಸಂಪಾದಕರ ಉತ್ತರ: ನಿಮ್ಮ ಮ್ಯಾನೇಜರ್ ಕೊಟ್ಟ ಎರಡೂ ಅಂಕಿ ಸರಿಯೇ ಇರಬಹುದು. ಆದರೆ ಎರಡೂ ಕಡೆ ಅವರು ನೋಡಿದ್ದು ಕೆಲಸ ಮಾಡುವವರು ಎಷ್ಟು ಹೊತ್ತು ಸುಮ್ಮನಿದ್ದಾರೆ ಎಂಬುದನ್ನು ಮಾತ್ರ. ಕ್ಯೂನಲ್ಲಿ ನಿಂತವರು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದಾರೆ ಎಂಬುದು ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ.

ಮೊದಲು ಕೌಂಟರಿನ ಲೆಕ್ಕ. ಗಂಟೆಗೆ 30 ಜನ, ತಲಾ 5 ನಿಮಿಷ ಎಂದರೆ 150 ನಿಮಿಷದ ಕೆಲಸ, ಅಂದರೆ ಎರಡೂವರೆ ಕೌಂಟರಿನಷ್ಟು. ನಾಲ್ಕು ಕೌಂಟರಿಗೆ ಹಂಚಿದರೆ ಶೇ 62.5, ಮೂರಕ್ಕೆ ಹಂಚಿದರೆ ಶೇ 83.3. ಶೇ 83 ಕೇಳಲು ಚೆನ್ನಾಗಿದೆ. ಆದರೆ ಜನ ಗಡಿಯಾರ ನೋಡಿಕೊಂಡು ಎರಡೆರಡು ನಿಮಿಷಕ್ಕೊಬ್ಬರಂತೆ ಬರುವುದಿಲ್ಲ, ಎಲ್ಲರ ಕೆಲಸವೂ ಸರಿಯಾಗಿ ಐದೇ ನಿಮಿಷಕ್ಕೆ ಮುಗಿಯುವುದಿಲ್ಲ. ಈ ಏರುಪೇರನ್ನು ಲೆಕ್ಕಕ್ಕೆ ಹಿಡಿಯುವ ಸೂತ್ರವನ್ನು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದರು. ನಿಮ್ಮ ಅಂಕಿಗಳನ್ನು ಅದಕ್ಕೆ ಹಾಕಿದರೆ ಹೀಗೆ ಬರುತ್ತದೆ: ಎಲ್ಲರಿಗೂ ಒಂದೇ ಕ್ಯೂ ಇದ್ದರೆ, ನಾಲ್ಕು ಕೌಂಟರಿನಲ್ಲಿ ಸರಾಸರಿ ಕಾಯುವಿಕೆ ಒಂದು ನಿಮಿಷ ಚಿಲ್ಲರೆ, ಮೂರರಲ್ಲಿ ಏಳು ನಿಮಿಷ. ಕೌಂಟರ್ ಕಾಲು ಭಾಗ ಕಡಿಮೆಯಾಯಿತು, ಕಾಯುವುದು ಆರೇಳು ಪಟ್ಟು ಹೆಚ್ಚಾಯಿತು.

ಈಗ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಾವೇ ಕೇಳುತ್ತೇವೆ. ನಿಮ್ಮಲ್ಲಿ ಕೌಂಟರಿಗೊಂದು ಸಾಲೋ, ಎಲ್ಲಕ್ಕೂ ಸೇರಿ ಒಂದೇ ಸಾಲೋ? ಬೇರೆ ಬೇರೆ ಸಾಲಾದರೆ ನಾಲ್ಕು ಕೌಂಟರ್ ಇದ್ದೂ ಸರಾಸರಿ 8 ನಿಮಿಷ 20 ಸೆಕೆಂಡು ಕಾಯಬೇಕು. ಮೂರಕ್ಕಿಳಿಸಿದರೆ 25 ನಿಮಿಷ. ಅಂದರೆ ಒಂದೇ ಸಾಲು ಮಾಡಿದ ಮೂರು ಕೌಂಟರ್, ಬೇರೆ ಬೇರೆ ಸಾಲಿನ ನಾಲ್ಕು ಕೌಂಟರಿಗಿಂತ ವಾಸಿ! ಪಕ್ಕದ ಕಿಟಕಿ ಖಾಲಿ ಇದ್ದರೂ ‘ಅದು ಠೇವಣಿ ಕೌಂಟರ್ ರೀ, ಆ ಕಡೆ ಹೋಗಿ’ ಎಂದು ಕಳಿಸುವ ಪದ್ಧತಿಗೆ ತೆರುವ ಬೆಲೆ ಇದು. (ಜನ ಸಾಲಿನಿಂದ ಸಾಲಿಗೆ ಹಾರುವುದರಿಂದ ನಿಜದಲ್ಲಿ ಇಷ್ಟು ಕೆಡುವುದಿಲ್ಲ, ನಿಜ. ಹಾಗೆ ಹಾರಲು ಬಿಡದ ಕಡೆ ಇಷ್ಟೇ ಕೆಡುತ್ತದೆ.) ಎಲ್ಲ ಕೌಂಟರಿನಲ್ಲೂ ಎಲ್ಲ ಕೆಲಸ ಆಗುವಂತೆ ಲಾಗಿನ್ ಹಕ್ಕು ಕೊಟ್ಟು, ಒಂದೇ ಸರಣಿಯ ಟೋಕನ್ ಹಂಚಲು ಖರ್ಚೇನೂ ಇಲ್ಲ.

ಅಳೆಯಲು ಸ್ಟಾಪ್‌ವಾಚ್ ಹಿಡಿದು ಯಾರ ಬೆನ್ನಿಗೂ ಬೀಳಬೇಕಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕಾಯುತ್ತಿರುವ ತಲೆ ಎಣಿಸಿ ಬರೆದುಕೊಳ್ಳಿ, ಗಂಟೆಗೆ ಎಷ್ಟು ಟೋಕನ್ ಹೋಯಿತು ನೋಡಿ. ಸರಾಸರಿ ತಲೆಗಳನ್ನು ಗಂಟೆಯ ಟೋಕನ್ನಿನಿಂದ ಭಾಗಿಸಿದರೆ ಸರಾಸರಿ ಕಾಯುವಿಕೆ ಸಿಗುತ್ತದೆ: 9 ಜನ ಕಾಯುತ್ತಿದ್ದು ಗಂಟೆಗೆ 30 ಟೋಕನ್ ಹೋದರೆ 18 ನಿಮಿಷ. ಇದು 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ ನಿಯಮ. ಜನ ಹೇಗೇ ಬರಲಿ, ಇದು ಕೈಕೊಡುವುದಿಲ್ಲ. ಆದರೆ ಇಡೀ ದಿನವನ್ನು ಒಟ್ಟು ಹಾಕಿ ಒಂದೇ ಅಂಕಿ ಮಾಡಬೇಡಿ. ಹತ್ತೂವರೆಯ ಬಸ್ಸಿನಿಂದ ಒಮ್ಮೆಲೇ ಇಪ್ಪತ್ತು ಜನ ಇಳಿಯುತ್ತಾರೆ, ಮೂರು ಗಂಟೆಗೆ ಯಾರೂ ಇರುವುದಿಲ್ಲ. ಮ್ಯಾನೇಜರರ ಶೇ 62ರಲ್ಲಿ ಇವೆರಡೂ ಕಲಸಿಹೋಗಿವೆ. ಅರ್ಧರ್ಧ ಗಂಟೆಗೆ ಬೇರೆ ಬೇರೆ ಬರೆಯಿರಿ. ಟೋಕನ್ ಬಾಗಿಲಲ್ಲೇ ಕೊಡಿ. ಕೌಂಟರಿನಲ್ಲಿ ಕೊಟ್ಟರೆ ಅಲ್ಲಿಯವರೆಗೆ ನಿಂತದ್ದು ಲೆಕ್ಕಕ್ಕೇ ಬರುವುದಿಲ್ಲ. ಸರ್ಕಾರಿ ಸೇವೆಗಳ ‘ಸಕಾಲ’ ಯೋಜನೆಯಲ್ಲೂ ದಿನಗಳ ಎಣಿಕೆ ಶುರುವಾಗುವುದು ಅರ್ಜಿ ಸ್ವೀಕರಿಸಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೊಟ್ಟ ಮೇಲೆಯೇ.

ಇನ್ನು ಸರ್ವರ್. ಶೇ 28 ಎಂಬ ಸಿಪಿಯು ಅಂಕಿ ಎರಡು ರೀತಿ ಮೋಸ ಮಾಡುತ್ತದೆ. ನಿಮ್ಮದು ನಾಲ್ಕು ಕೋರಿನ (ಕೋರ್ ಎಂದರೆ ಸಿಪಿಯುವಿನೊಳಗೆ ಬೇರೆಯಾಗಿ ದುಡಿಯುವ ಘಟಕ) ಯಂತ್ರವಾದರೆ, ಒಂದು ಕೋರ್ ಪೂರ್ತಿ ಉಸಿರುಗಟ್ಟಿ ದುಡಿಯುತ್ತ ಉಳಿದ ಮೂರು ಸುಮ್ಮನಿದ್ದರೂ ಒಟ್ಟಾರೆ ತೋರುವುದು ಶೇ 25. ಸರ್ವರಿನಲ್ಲಿ ಓಡುವುದು ಲಿನಕ್ಸ್ ಆದರೆ ‘ಟಾಪ್’ (top) ಆದೇಶ ತೆರೆದು 1 ಒತ್ತಿ; ಒಂದೊಂದು ಕೋರೂ ಬೇರೆಯಾಗಿ ಕಾಣುತ್ತದೆ. ಎರಡನೆಯದು, ಸಿಪಿಯು ಖಾಲಿ ಇರುವುದೇ ಡಿಸ್ಕಿನ ದಾರಿ ಕಾಯುತ್ತಿರುವುದರಿಂದ ಇರಬಹುದು. ನೀವು ಬರೆದ ಲಕ್ಷಣ ನೋಡಿದರೆ ನಮ್ಮ ಅನುಮಾನ ಇದರ ಮೇಲೆಯೇ.

ಬೆಳಗಿನ ರಶ್ಶಿನಲ್ಲಿ ‘ವಿಎಂಸ್ಟ್ಯಾಟ್ 5 12’ (vmstat 5 12) ಎಂಬ ಆದೇಶ ಓಡಿಸಿ. ಐದು ಸೆಕೆಂಡಿಗೊಂದರಂತೆ ಹನ್ನೆರಡು ಸಾಲು ಬರುತ್ತವೆ. ಮೊದಲ ಸಾಲನ್ನು ಬಿಟ್ಟುಬಿಡಿ. ಅದು ಯಂತ್ರ ಶುರುವಾದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಅದನ್ನೇ ನೋಡಿ ‘ಎಲ್ಲ ಚೆನ್ನಾಗಿದೆ’ ಎಂದವರು ಬಹಳ ಮಂದಿ. ಉಳಿದ ಸಾಲುಗಳಲ್ಲಿ ‘ಬಿ’ ಅಂಕಣ ಮತ್ತೆ ಮತ್ತೆ ಎರಡು, ಮೂರು, ನಾಲ್ಕು ತೋರಿದರೆ ಅಷ್ಟು ಕೆಲಸಗಳು ಡಿಸ್ಕಿಗೆ ಕಾದು ಕುಳಿತಿವೆ ಎಂದು ಅರ್ಥ. ಡಿಸ್ಕಿಗೆ ಕಾದು ಸಿಪಿಯು ಸುಮ್ಮನಿದ್ದ ಪಾಲನ್ನು ತೋರುವ ‘ಡಬ್ಲ್ಯುಎ’ ಅಂಕಣ ಹೆಚ್ಚಿದ್ದರೆ ಡಿಸ್ಕಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ, ಕಡಿಮೆ ಇದ್ದರೆ ಏನೂ ಸಾಬೀತಾಗುವುದಿಲ್ಲ. ಅದು ಸಿಪಿಯು ಬಿಡುವಿನ ಒಂದು ಪಾಲು ಅಷ್ಟೇ. ನಡುವೆ ಯಾರಾದರೂ ಭಾರಿ ವರದಿಯೊಂದನ್ನು ಓಡಿಸಿದರೆ ಬಿಡುವಿನ ಜೊತೆ ಅದೂ ಇಳಿಯುತ್ತದೆ, ಡಿಸ್ಕ್ ಅಷ್ಟೇ ಸುಸ್ತಾಗಿರುತ್ತದೆ. ‘ಎಸ್‌ಐ’, ‘ಎಸ್‌ಒ’ (ರ‍್ಯಾಮಿನಲ್ಲಿ ಹಿಡಿಸದೆ ಡಿಸ್ಕಿಗೆ ಹೋಗಿಬರುವ ಮಾಹಿತಿ) ಸೊನ್ನೆ ಬಿಟ್ಟು ಏರುತ್ತಲೇ ಇದ್ದರೆ ರ‍್ಯಾಮ್ ಸಾಲದು, ಅದು ಬೇರೆ ರೋಗ.

ಡಿಸ್ಕಿನ ಶಕ್ತಿ ಎಷ್ಟು ಅಲ್ಪ ಎಂಬುದನ್ನು ಬೆರಳಲ್ಲೇ ಎಣಿಸಬಹುದು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್‌ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅದರ ಮೇಲೆ ಓದುವ ಹೆಡ್ ಸರಿಯಲು ಎಂಟೊಂಬತ್ತು ಮಿಲಿಸೆಕೆಂಡು. ಚದುರಿಬಿದ್ದ ಮಾಹಿತಿ ಓದುವಾಗ ಸೆಕೆಂಡಿಗೆ ಎಂಬತ್ತು ಸಲ ಓದಿದರೆ ಹೆಚ್ಚು. ಒಬ್ಬ ಸದಸ್ಯರ ಖಾತೆ ತೆರೆಯಲು 400 ಕಡೆ ಹುಡುಕಬೇಕಾದರೆ ಐದು ಸೆಕೆಂಡು. ನಾಲ್ಕು ಕೌಂಟರೂ ಒಟ್ಟಿಗೆ ಕೇಳಿದರೆ ಇಪ್ಪತ್ತು. ತಿರುಗುವ ಭಾಗವೇ ಇಲ್ಲದ ಸಾಧಾರಣ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ಆದರೆ ಅದಕ್ಕೂ ಮೊದಲು ಸಾಫ್ಟ್‌ವೇರಿನವರನ್ನು ಕರೆಸಿ 400 ಕಡೆ ಯಾಕೆ ಹುಡುಕಬೇಕು ಎಂದು ಕೇಳಿ. ಎಷ್ಟೋ ಸಲ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥ ಪಟ್ಟಿ) ಒಂದನ್ನು ಹಾಕಿದರೆ ಮುಗಿಯುವ ಕೆಲಸ. ಮೈಎಸ್‌ಕ್ಯುಎಲ್ ಡೇಟಾಬೇಸ್ ಆಗಿದ್ದರೆ ನಿಧಾನದ ಪ್ರಶ್ನೆಗಳನ್ನು ದಾಖಲಿಸುವ ಸ್ಲೋ ಕ್ವೆರಿ ಲಾಗ್ ಇದೆ. ಅದು ತಾನಾಗಿ ಚಾಲೂ ಇರುವುದಿಲ್ಲ, ಚಾಲೂ ಮಾಡಿದರೂ 10 ಸೆಕೆಂಡು ಮೀರಿದ್ದನ್ನು ಮಾತ್ರ ಹಿಡಿಯುತ್ತದೆ. ಮಿತಿಯನ್ನು 1 ಸೆಕೆಂಡಿಗೆ ಇಳಿಸಿ ಒಂದು ವಾರ ಬಿಡಿ.

ಪರದೆಯ ಮುಂದೆಯೂ ಸರಾಸರಿ ನಂಬಬೇಡಿ. ನೂರರಲ್ಲಿ 95 ಸಲ 0.2 ಸೆಕೆಂಡು, ಐದು ಸಲ 12 ಸೆಕೆಂಡು ಆದರೆ ಸರಾಸರಿ 0.79. ಕಾಗದದ ಮೇಲೆ ಚೆಂದ. ಆ ಐದು ಸಲ ಗುಮಾಸ್ತರು ‘ಸರ್ವರ್ ಬಿಜಿ’ ಎಂದು ಕೈಕಟ್ಟಿ ಕೂತಿರುತ್ತಾರೆ. ಆ ನೂರು ಹೊತ್ತುಗಳನ್ನು ಏರಿಕೆಯ ಕ್ರಮದಲ್ಲಿ ಬರೆದು, 95ನೆಯದು ಮತ್ತು 99ನೆಯದು ಎಷ್ಟು ಎಂದು ನೋಡಿ.

ನಿಮ್ಮ ಎರಡು ದೂರು ಕೂಡುವುದು ಇಲ್ಲಿ. ಗುಮಾಸ್ತರು ಪರದೆ ಕಾಯುವ ಹೊತ್ತು ಕೂಡ ‘ಕೆಲಸದಲ್ಲಿದ್ದ’ ಶೇ 62ರೊಳಗೇ ಸೇರಿದೆ. ಅದರಲ್ಲಿ ಒಂದೇ ನಿಮಿಷ ಉಳಿಸಿ, ಐದರ ಕೆಲಸ ನಾಲ್ಕು ನಿಮಿಷಕ್ಕೆ ಬಂತೆನ್ನಿ. ಆಗ ಒಂದೇ ಸಾಲಿನ ಮೂರು ಕೌಂಟರಿನಲ್ಲಿ ಕಾಯುವುದು ಏಳು ನಿಮಿಷದಿಂದ ಎರಡು ನಿಮಿಷದೊಳಕ್ಕೆ ಇಳಿಯುತ್ತದೆ. ಮ್ಯಾನೇಜರ್ ಮುಚ್ಚಬೇಕೆಂದ ಕೌಂಟರನ್ನು ಆಗ ಮುಚ್ಚಬಹುದು, ಬಸ್ಸು ಬರುವ ಹೊತ್ತೊಂದನ್ನು ಬಿಟ್ಟು. ಮೊದಲು ಡಿಸ್ಕ್ ಮತ್ತು ಇಂಡೆಕ್ಸ್, ಆಮೇಲೆ ಒಂದೇ ಟೋಕನ್ ಸಾಲು, ಕೊನೆಗೆ ಕೌಂಟರ್: ಈ ಕ್ರಮದಲ್ಲಿ ಅವರ ಮುಂದಿಡಿ. ಜೊತೆಗೆ ಎರಡು ವಾರ ಎಣಿಸಿದ ತಲೆಲೆಕ್ಕದ ಹಾಳೆಯೂ ಇರಲಿ.